ಗೌರವ್ವನ ಬಾಯಿ ಮುಚ್ಚಿದ ಕೈ

ಆಗ ನನಗೆ ಮೂವತ್ತೊಂದು ವರ್ಷ. ಅದಾಗಿ ಈಗ ಮೂವತ್ತೆಂಟು ವರ್ಷವಾಯಿತು. ಸವದತ್ತಿಯ ಒಂದು ಶಾಲೆಯಲ್ಲಿ ಕಣ್ಣಿನ ಶಿಬಿರ ನಡೆದಿತ್ತು. ಆಪರೇಷನ್ ಮೇಜಿನ ಮೇಲೆ ಮಲಗಿದ್ದ ಹೂಲಿಯ ಗೌರವ್ವ ಏನೋ ಹೇಳಲು ಬಾಯಿ ತೆರೆದಳು. ನಾನು ಈ ಕೈಯಿಂದ ಮುಚ್ಚಿದೆ. ಡಾಕ್ಟರು ಆಕೆಯ ಕಣ್ಣು ಕೊಯ್ದರು. ಅಚ್ಚುಕಟ್ಟಾಗಿಯೇ ಕೊಯ್ದರು. ಕೊಯ್ಯಬೇಕಾದದ್ದು ಮಾತ್ರ ಇನ್ನೊಂದು ಕಣ್ಣಾಗಿತ್ತು.

ನಮ್ಮ ದವಾಖಾನೆಯವರು ಈಗ ಡಾಕ್ಟರ ನೆನಪಿಗೆ ಒಂದು ಪುಸ್ತಕ ಮಾಡುತ್ತಿದ್ದಾರೆ. ಆಯಾ ಫಕೀರವ್ವನೂ, ಅಂದರೆ ನಾನೂ, ನಾಲ್ಕು ಮಾತು ಬರೆಯಲಿ ಎಂದು ಹೇಳಿಕಳಿಸಿದರು. ಕಾಗದ ತಂದವರು "ದೇವರಂಥವರು ಅಂತ ಬರದ್ರ ಸಾಕ್ರಿ ಅಜ್ಜಿ" ಎಂದೂ ಹೇಳಿದರು. ದೇವರ ಹತ್ತಿರ ನಾನು ನೌಕರಿ ಮಾಡಿಲ್ಲ. ಡಾಕ್ಟರ ಹತ್ತಿರ ಮಾಡಿದ್ದೇನೆ. ಅದಕ್ಕೆ ಇದು ಅವರ ಪುಸ್ತಕಕ್ಕಲ್ಲ, ಹೊಸದಾಗಿ ಕೆಲಸಕ್ಕೆ ಸೇರಿದ ನಿಮ್ಮಂಥ ಹುಡುಗಿಯರಿಗೆ. ನಾನು ಕಲಿತದ್ದು ಎರಡನೇ ಇಯತ್ತೆ. ಉಳಿದ ಅಕ್ಷರಗಳನ್ನು ಕಣ್ಣು ಪರೀಕ್ಷೆಯ ಹಲಗೆ ನೋಡಿ ಕಲಿತೆ, ಹೀಗಾಗಿ ದಪ್ಪ ಅಕ್ಷರ ಚೆನ್ನಾಗಿ ಬರುತ್ತವೆ, ಸಣ್ಣವು ಇಂದಿಗೂ ನನಗೆ ಆಗಿಬರುವುದಿಲ್ಲ. ಒತ್ತಕ್ಷರಗಳನ್ನು ನಮ್ಮ ಓಣಿಯ ಶಿಕ್ಷಕಿ ತಿದ್ದಿದ್ದಾರೆ. ಮಾತನ್ನೂ ತಿದ್ದಲು ಬಂದಾಗ ಪೆನ್ನು ಕಸಿದುಕೊಂಡೆ.

ಡಾಕ್ಟರು ಬೈಲಹೊಂಗಲಕ್ಕೆ ಬಂದಾಗ ಈ ಸೀಮೆಯಲ್ಲಿ ಬರೀ ಕಣ್ಣಿಗೇ ಒಬ್ಬ ಡಾಕ್ಟರು ಎಂಬುದನ್ನು ಯಾರೂ ಕೇಳಿರಲಿಲ್ಲ. ಅವರು ಬಾಡಿಗೆಗೆ ಹಿಡಿದದ್ದು ಹಳೆಯ ಅರಳೆ ಗೋದಾಮು. ನಾನು ಅಲ್ಲಿ ಕಸ ಬಳಿಯುವವಳು. ಗೋದಾಮಿನ ಜೊತೆಗೆ ನಾನೂ ಬಾಡಿಗೆಗೆ ಹೋದೆ ಎಂದರೂ ತಪ್ಪಿಲ್ಲ. ಮೊದಲ ತಿಂಗಳು ನನ್ನ ಕೆಲಸವೆಂದರೆ ಗೋಡೆ, ತೊಲೆ, ಕಿಟಕಿಗಳಿಗೆ ಅಂಟಿದ್ದ ಅರಳೆಯ ಎಳೆ ತೊಳೆಯುವುದು. ತೊಳೆದಷ್ಟೂ ಮೇಲಿನಿಂದ ಉದುರುತ್ತಿತ್ತು. ಸಾಹೇಬರು, ಡಾಕ್ಟರನ್ನು ನಾವೆಲ್ಲ ಕರೆಯುತ್ತಿದ್ದದ್ದು ಹಾಗೆ, ದಿನಾ ಬೆರಳಿನಿಂದ ಗೋಡೆ ಸವರಿ ನೋಡುತ್ತಿದ್ದರು, ಏನೂ ಅನ್ನದೆ ಆ ಬೆರಳನ್ನು ನನ್ನ ಮುಖದ ಮುಂದೆ ಹಿಡಿಯುತ್ತಿದ್ದರು. ಬೈಯುವುದಕ್ಕಿಂತ ಅದು ಕೆಟ್ಟದ್ದು.

ದವಾಖಾನೆ ತೆರೆಯಿತು, ರೋಗಿಗಳು ಬರಲಿಲ್ಲ. ಬಂದವರಲ್ಲಿ ಒಬ್ಬ ಹಲ್ಲು ಕೀಳಿಸಲು ಬಂದಿದ್ದ. "ಬರೇ ಕಣ್ಣ ನೋಡಾಕ ಇಷ್ಟ ದೊಡ್ಡ ಗೋದಾಮ ಯಾಕ ಬೇಕು?" ಎಂದು ಕೇಳಿ ಹೋದ. ಕಣ್ಣಿನವರು ನಮ್ಮ ಹತ್ತಿರ ಬರುತ್ತಿದ್ದದ್ದು ಎಲ್ಲ ಮುಗಿದ ಮೇಲೆ. ಮೊದಲು ಎದೆಹಾಲು, ಅದಾದ ಮೇಲೆ ಜೇನು, ಅದಾದ ಮೇಲೆ ಉಳ್ಳಾಗಡ್ಡಿ ರಸ, ಆಮೇಲೆ ಯಾವುದೋ ಎಲೆ. ಇಷ್ಟೆಲ್ಲ ಹಾಕಿಸಿಕೊಂಡು ಕಣ್ಣು ಕೆಂಡವಾದ ಮೇಲೆ ಬಂದು, "ನಿಮ್ಮ ಹನಿ ಹಾಕಿದ್ರ ಭಾಳ ಉರಿತೈತ್ರಿ" ಎನ್ನುವರು.

ಆಗಿನ ಆಪರೇಷನ್ ಈಗಿನಂತೆ ಚಹಾ ಕುಡಿದಷ್ಟು ಸುಲಭವಿರಲಿಲ್ಲ. ಪೊರೆಯನ್ನು ಇಡಿಯಾಗಿ ತೆಗೆದು ಹೊಲಿಗೆ ಹಾಕುತ್ತಿದ್ದರು. ಒಂದೇ ಕಣ್ಣು ಕೊಯ್ದರೂ ಎರಡಕ್ಕೂ ಪಟ್ಟಿ. ತಲೆಯ ಆ ಕಡೆ ಈ ಕಡೆ ಮರಳಿನ ಚೀಲ. ಹೊರಳಬಾರದು, ಬಾಗಬಾರದು, ಮುಖ್ಯವಾಗಿ ಕೆಮ್ಮಬಾರದು. ಕೆಮ್ಮಿದರೆ ಹೊಲಿಗೆ ಬಿಚ್ಚಿ ಕಣ್ಣೇ ಹೋಗಬಹುದು. ಇದನ್ನು ಕಾಯುವುದು ನನ್ನ ಕೆಲಸ. ಡಾಕ್ಟರು ಕೊಯ್ದು ಹೋಗುತ್ತಿದ್ದರು, ಕೆಮ್ಮು ನನ್ನ ಪಾಲಿಗೆ ಬಿಡುತ್ತಿದ್ದರು.

ಗೋದಾಮಿನ ಹಿಂದಿನ ಮನೆ ಶಾಂತವ್ವನದು. ಬೇಸಿಗೆಯಲ್ಲಿ ಒಂದು ದಿನ ಆಕೆ ಕೆಂಪು ಮೆಣಸಿನಕಾಯಿ ಹುರಿಯಲು ಕುಳಿತಳು. ಗಾಳಿ ನಮ್ಮ ಕಡೆಗಿತ್ತು. ಆರು ಮಂದಿ ಪಟ್ಟಿ ಕಟ್ಟಿಕೊಂಡು ಮಲಗಿದ್ದರು. ಒಬ್ಬನ ಗಂಟಲು ಕೆರೆಯಿತು, ಇನ್ನೊಬ್ಬನದು ಶುರುವಾಯಿತು. ನಾನು ಗೋಡೆಯ ಮೇಲಿಂದ ಕೂಗಿದೆ.

"ಯಕ್ಕಾ, ಒಲಿ ಆರಸು! ಒಳಗ ಆರ ಕಣ್ಣ ಕೊಯ್ದ ಮಲಗ್ಯಾವ."

"ನಿಮ್ಮ ಸಾಹೇಬ್ರ ಕಣ್ಣ ಕೊಯ್ದರ ನಾವು ಸಪ್ಪನ ಸಾರ ಉಣ್ಣಬೇಕೇನ?"

"ಉಣ್ಣು, ಏನಾಗೂದಿಲ್ಲ. ನಾಳಿ ನಿಮ್ಮತ್ತಿ ಕಣ್ಣೂ ಇಲ್ಲೇ ಬರತಾವ."

"ಅಯ್ಯ, ಆಕಿನ್ನ ಮಾತ್ರ ಕರಕೋಬ್ಯಾಡ ನಮ್ಮವ್ವಾ. ಆಕಿಗೆ ಕಣ್ಣ ಕಾಣಲಾರದಕ್ಕ ನಾ ಎರಡ ದಿನ ಸುಖದಾಗ ಅದೇನಿ."

ನಾನು ಗೋಡೆ ಹಾರಿ ಹೋಗಿ ಬಾಣಲೆಯ ಮೇಲೆ ನೀರು ಸುರಿದೆ. ದೊಡ್ಡ ಜಗಳವಾಯಿತು. ಕೊನೆಗೆ ಒಪ್ಪಂದವೆಂದರೆ, ನಾನು ಗೋಡೆಯ ಮೇಲೆ ಕೆಂಪು ಬಟ್ಟೆ ಹಾಕಿದ ದಿನ ಯಾರೂ ಹುರಿಯಬಾರದು. ಶಾಂತವ್ವ ಒಪ್ಪಿದಳು, ಅವಳನ್ನು ನೋಡಿ ಅಕ್ಕಪಕ್ಕದವರೂ ಒಪ್ಪಿದರು. ಒಂದು ಓಣಿಯ ಒಗ್ಗರಣೆ ನನ್ನ ಅಪ್ಪಣೆಯ ಮೇಲೆ ನಡೆಯತೊಡಗಿತು. ನಾನು ಕೆಟ್ಟದ್ದು ಅಲ್ಲಿಂದಲೇ. ಬಾಯಿ ಹೆಚ್ಚಾಯಿತು, ಕಿವಿ ಕಡಿಮೆಯಾಯಿತು.

ಸಾಹೇಬರು ವಾರಕ್ಕೊಮ್ಮೆ ಕಿತ್ತೂರಿನಲ್ಲಿ ಹೆದ್ದಾರಿಯ ಪಕ್ಕದ ಒಂದು ಕೋಣೆಯಲ್ಲಿ ಕೂರುತ್ತಿದ್ದರು. ಅಲ್ಲಿಗೆ ಬರುವವರು ಹೆಚ್ಚಾಗಿ ಲಾರಿ ಡ್ರೈವರುಗಳು. ಅವರಿಗೆ ಔಷಧ ಬೇಕಿರಲಿಲ್ಲ, ಕಣ್ಣು ಸರಿಯಾಗಿದೆ ಎಂಬ ಚೀಟಿ ಬೇಕಿತ್ತು. ಒಬ್ಬ ಬಂದವನೇ ಕುರ್ಚಿಯಲ್ಲಿ ಕುಳಿತು, ಒಂದು ಕಣ್ಣು ಮುಚ್ಚಿ, ಹಲಗೆಯ ಮೇಲಿನ ಸಾಲಿನಿಂದ ಕೆಳಗಿನ ಸಾಲಿನವರೆಗೆ ಒಂದೂ ತಪ್ಪದೆ ಹೇಳಿದ. ಸಾಹೇಬರು ನನ್ನ ಕಡೆ ನೋಡಿದರು. ಹಲಗೆ ಇನ್ನೂ ನನ್ನ ಕಂಕುಳಲ್ಲಿತ್ತು. ಮೊಳೆ ಹುಡುಕುತ್ತಿದ್ದೆ.

"ಎಲ್ಲಿ ಕಂಡತು ನಿನಗ?" ಎಂದರು ಸಾಹೇಬರು.

"ಹೊರಗ ಕಿಟಕಿ ಬಾಜೂಕ ಕುಂತಿದ್ನಿರಿ. ಎಲ್ಲಾರೂ ಅದನ್ನ ಒದರತಾರಲ್ರಿ."

"ಕಣ್ಣ ಹೆಂಗದಾವ?"

"ಕಿವಿ ಮಾತ್ರ ಭಾಳ ಛಲೋ ಅದಾವ್ರಿ ಸಾಹೇಬ್ರ."

ಅವನಿಗೆ ಚೀಟಿ ಸಿಗಲಿಲ್ಲ. ಸಾಹೇಬರು ಮರುವಾರ ಬೇರೆ ಬೇರೆ ಅಕ್ಷರಗಳ ಎರಡು ಹಲಗೆ ಮಾಡಿಸಿದರು. ಅವರ ದೊಡ್ಡತನ ಹೇಳುವವರು ಇಂಥದ್ದನ್ನು ಹೇಳುವುದಿಲ್ಲ. ಮಂದಿ ಹೇಗೆ ಮೋಸ ಮಾಡುತ್ತಾರೆ, ಹೇಗೆ ಹೆದರುತ್ತಾರೆ ಎಂಬುದನ್ನು ನೋಡಿ ನೋಡಿ ಕೆಲಸದ ರೀತಿ ಬದಲಿಸುತ್ತಿದ್ದರು. ಆದರೆ ಆಪರೇಷನ್ ಥೇಟರಿನೊಳಗೆ ಮಾತ್ರ ಒಂದೇ ಕಾಯಿದೆ, ಅದು ಎಂದೂ ಬದಲಾಗಿರಲಿಲ್ಲ. ಅಲ್ಲಿ ಮಾತಾಡುವವರು ಅವರೊಬ್ಬರೇ. ನಾವು ಮಾತಾಡಿದರೆ ಕೈಯಲ್ಲಿದ್ದ ಚಿಮಟ ಹಾರಿ ಬರುತ್ತಿತ್ತು. ನನ್ನ ಕಿವಿಯ ಹಿಂದೆ ಇನ್ನೂ ಗುರುತಿದೆ. ರೋಗಿ ಮಾತಾಡಿದರೆ ಚಿಮಟ ಎಸೆಯುವಂತಿಲ್ಲ. ಅದಕ್ಕೆ ನಾನಿದ್ದೆ.

ಈಗ ಸವದತ್ತಿಯ ಮಾತು.

ಶಿಬಿರ ನಡೆಸಿದವರು ಅಲ್ಲಿಯ ಒಬ್ಬ ಸಾವಕಾರರು. ಶಾಲೆಯ ಎರಡು ಕೋಣೆ ಥೇಟರಾದವು, ಉಳಿದವುಗಳಲ್ಲಿ ಹುಲ್ಲು ಹಾಸಿ ರೋಗಿಗಳನ್ನು ಮಲಗಿಸುವ ಏರ್ಪಾಡು. ನನ್ನ ಕೆಲಸ ಬೆಳಿಗ್ಗೆ ಎಲ್ಲರ ಮುಖ ತೊಳೆಸಿ, ರೆಪ್ಪೆಗೂದಲು ಕತ್ತರಿಸಿ, ಯಾವ ಕಣ್ಣು ಕೊಯ್ಯಬೇಕೋ ಅದರ ಹುಬ್ಬಿನ ಮೇಲೆ ನೀಲಿ ಔಷಧದಿಂದ ಒಂದು ಗೀಟು ಎಳೆಯುವುದು. ಯಾವ ಕಣ್ಣು ಎಂಬ ಕಾಗದ ಹೊರಗೆ ಕಂಪೌಂಡರ್ ಖಾದರಸಾಬರ ಮೇಜಿನ ಮೇಲೆ ಉಳಿಯುತ್ತಿತ್ತು. ಒಳಗೆ ಬರುವುದು ಗೀಟು ಒಂದೇ. ಸಾಹೇಬರು ಗೀಟು ನೋಡಿ ಕೊಯ್ಯುವರು.

ಗೌರವ್ವನ ಎರಡೂ ಕಣ್ಣುಗಳಲ್ಲಿ ಪೊರೆ ಬೆಳ್ಳಗೆ ಬಲಿತಿತ್ತು. ಹೊರಗಿನಿಂದ ನೋಡಿದರೆ ಎರಡೂ ಒಂದೇ. ಆದರೆ ಬಲಗಣ್ಣಿನೊಳಗೆ ಒತ್ತಡ ಏರಿ ಹಿಂದಿನ ನರ ಸತ್ತುಹೋಗಿತ್ತು. ಅದನ್ನು ಕೊಯ್ದರೂ ಕತ್ತಲೆಯೇ. ಎಡಗಣ್ಣಿಗೆ ಟಾರ್ಚಿನ ಬೆಳಕು ಯಾವ ಕಡೆಯಿಂದ ಹಿಡಿದರೂ ಗೊತ್ತಾಗುತ್ತಿತ್ತು. ಆಕೆಗೆ ಇದ್ದದ್ದು ಆ ಒಂದು ಕಣ್ಣು. ನಾನು ಎಡ ಹುಬ್ಬಿನ ಮೇಲೆ ಗೀಟು ಎಳೆದೆ. ಅಲ್ಲಿಯವರೆಗೆ ತಪ್ಪಿಲ್ಲ. ಎಳೆದು, ಎಲ್ಲರಿಗೂ ಕೇಳುವಂತೆ ಹೇಳಿದೆ: "ಈ ಗೀಟ ಯಾರದ ಅಳಿಸ್ತೈತಿ ಅವರು ಸೀದಾ ಮನೀಗೆ. ಒಳಗ ಯಾರ ಬಾಯಿ ಬಿಡ್ತಾರ ಅವರೂ ಮನೀಗೆ."

ಸಾಹೇಬರಿಗೆ ಗೊತ್ತಿಲ್ಲದ ಕಾಯಿದೆ ಅದು. ನಾನೇ ಮಾಡಿದ್ದು.

ಅಷ್ಟರಲ್ಲಿ ಉದ್ಘಾಟನೆಗೆ ಪುಢಾರಿಗಳು ಬಂದರು. ಪಾಪೆ ಹಿಗ್ಗಿಸುವ ಹನಿ ಹಾಕಿಸಿಕೊಂಡ ಮಂದಿಯನ್ನು ಸಾವಕಾರರು ಬಿಸಿಲಿನಲ್ಲಿ ಸಾಲಾಗಿ ಕೂರಿಸಿದರು. ಅವರು ಕಣ್ಣು ಕಿವುಚಿ ಅಳುತ್ತಿದ್ದರೆ ಪುಢಾರಿಗಳು ತಮ್ಮ ಭಾಷಣಕ್ಕೆ ಅಳುತ್ತಿದ್ದಾರೆಂದು ತಿಳಿದು ಇನ್ನಷ್ಟು ಹೊತ್ತು ಮಾತಾಡಿದರು. ಹನಿಯ ಕಸುವು ಇಳಿಯಿತು. ಖಾದರಸಾಬರು ಮತ್ತೆ ಬಾಟಲಿ ಹಿಡಿದು ಓಡಾಡಿದರು. ಹಾರದ ತಾಟು ಹಿಡಿಯಲು ನನ್ನನ್ನು ನಿಲ್ಲಿಸಿದ್ದರು. ನಾನೂ ಜಂಬದಿಂದ ನಿಂತಿದ್ದೆ.

ಆ ಹೊತ್ತಿಗೆ ಹಿಂದಿನ ಪಡಸಾಲೆಯಲ್ಲಿ ಆದದ್ದು ಇದು. ಲಿಂಗಪೂಜೆ ಮಾಡಿಕೊಳ್ಳದೆ ಮೇಜಿನ ಮೇಲೆ ಮಲಗುವುದಿಲ್ಲ ಎಂದು ಗೌರವ್ವ ಹಟ ಹಿಡಿದಳು. ಪೂಜೆಯಾಯಿತು. ಗಂಡ ಈರಪ್ಪ, ಮುತುವರ್ಜಿಯ ಮನುಷ್ಯ, ಹಣೆ ತುಂಬ ವಿಭೂತಿ ಎಳೆದ. ಎಳೆದ ಮೇಲೆ ನೋಡುತ್ತಾನೆ, ನೀಲಿ ಗೀಟು ವಿಭೂತಿಯಲ್ಲಿ ಕಲಸಿಹೋಗಿದೆ. ಒರೆಸಿದ, ಗೀಟೂ ಹೋಯಿತು. ನನ್ನ ಹತ್ತಿರ ಬಂದು ಹೇಳಿದ್ದರೆ ಮುಗಿದೇ ಹೋಗುತ್ತಿತ್ತು. ಮನೆಗೆ ಕಳಿಸುತ್ತಾಳೆಂಬ ಹೆದರಿಕೆ. ಕಿಟಕಿಯಲ್ಲಿ ನೀಲಿ ಔಷಧದ ಬಾಟಲಿಯೂ ಕಡ್ಡಿಯೂ ಇದ್ದವು. ಎಡಗಣ್ಣು ಎಂಬುದು ಅವನಿಗೆ ಚೆನ್ನಾಗಿ ನೆನಪಿತ್ತು. ಹೆಂಡತಿಯ ಎದುರಿಗೆ ಕುಳಿತು, ತನ್ನ ಎಡಗೈ ಯಾವ ಕಡೆಗಿತ್ತೋ ಆ ಕಡೆಯ ಹುಬ್ಬಿನ ಮೇಲೆ ಗೀಟು ಎಳೆದ. ಅದು ಆಕೆಯ ಬಲಗಣ್ಣು. ಗೀಟು ನನ್ನದಕ್ಕಿಂತ ನೆಟ್ಟಗಿತ್ತು.

ಭಾಷಣದಿಂದ ತಡವಾಗಿ ಥೇಟರಿನಲ್ಲಿ ಓಟ ಶುರುವಾಯಿತು. ಗೌರವ್ವನನ್ನು ಮಲಗಿಸಿದೆವು. ನಾನು ತಲೆ ಹಿಡಿದೆ. ಸಾಹೇಬರು ಗೀಟು ನೋಡಿ ಬಲಗಣ್ಣಿನ ಕೆಳಗೆ ಸೂಜಿ ಚುಚ್ಚಿದರು. ಆಕೆ ಮೆಲ್ಲಗೆ, "ಯವ್ವಾ, ಇದಲ್ಲ..." ಎಂದಳು.

ನಾನು ಬಾಯಿಯ ಮೇಲೆ ಕೈ ಒತ್ತಿದೆ. "ಗಪ್ಪ ಇರು! ಉಸಿರ ಬಿಟ್ಟಿ ಅಂದ್ರ ಹೊರಗ ಹಾಕತೇನಿ."

ಸಾಹೇಬರು ತಲೆ ಎತ್ತದೆ, "ಶಾಬಾಸ್ ಫಕೀರವ್ವ" ಎಂದರು.

ಅವರ ಕೈಕೆಳಗೆ ಕೆಲಸ ಮಾಡಿದ ಅಷ್ಟು ವರ್ಷಗಳಲ್ಲಿ ನನಗೆ ಸಿಕ್ಕ ಮೊದಲ ಶಾಬಾಸ್ ಅದು.

ಮಧ್ಯಾಹ್ನ ಇಳಿದ ಮೇಲೆ ಮಲಗಿದವರಿಗೆ ಗಂಜಿ ಕುಡಿಸುತ್ತ ಹೋದೆ. ಗೌರವ್ವ ಎರಡೂ ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು, ತುಟಿ ಬಿಗಿದು ಮಲಗಿದ್ದಳು. ಚಮಚ ತಾಗಿಸಿದರೂ ಬಾಯಿ ತೆರೆಯಲಿಲ್ಲ. ಪಕ್ಕದಲ್ಲಿ ಕುಳಿತಿದ್ದ ಈರಪ್ಪ ಖುಷಿಯಲ್ಲಿದ್ದ.

"ಅಕ್ಕಾರ, ಸಿಟ್ಟಾಗಬ್ಯಾಡ್ರಿ. ಈಗ ಎಲ್ಲಾ ಮುಗದೈತಿ ಅಂತ ಹೇಳತೇನಿ. ಮುಂಜಾನೆ ವಿಭೂತಿ ಹಚ್ಚೂ ಮುಂದ ನಿಮ್ಮ ಗೀಟ ಅಳಿಸಿತ್ರಿ. ನಾನ ಎಳದೇನಿ. ನಿಮಗ ಗೊತ್ತ ಆಗಲೇ ಇಲ್ಲ!"

"ಯಾವ ಕಡೆ ಎಳದಿ?"

"ಎಡಕ್ಕ್ರಿ. ಇಲ್ಲಿ." ಎಂದು ಗಾಳಿಯಲ್ಲಿ ಎಳೆದು ತೋರಿಸಿದ. ಅವನ ಬೆರಳು ಹೋದ ಕಡೆ ನೋಡಿದೆ. ಕೈಯಲ್ಲಿದ್ದ ಗಂಜಿಯ ಬಟ್ಟಲು ಕೆಳಗಿಟ್ಟೆ.

ನೀವು ತಿಳಿಯಬೇಕಾದದ್ದು ಇಲ್ಲಿದೆ. ನಾನು ಸುಮ್ಮನಿದ್ದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಪಟ್ಟಿ ಬಿಚ್ಚಿದ ದಿನ ಆಕೆಗೆ ಕಾಣುತ್ತಿರಲಿಲ್ಲ. ನರ ಒಣಗಿತ್ತು ಎನ್ನುತ್ತಿದ್ದರು. ಆಕೆ ಊರಿಗೆ ಹೋಗಿ ಇನ್ನೊಂದು ಕಣ್ಣಿಗೆ ಯಾರ ಕೈಯನ್ನೂ ತಾಗಗೊಡುತ್ತಿರಲಿಲ್ಲ. ಕಾಣಬಹುದಾದ ಕಣ್ಣನ್ನು ಇಟ್ಟುಕೊಂಡೇ ಕುರುಡಿಯಾಗಿ ಕೂರುತ್ತಿದ್ದಳು. ನನ್ನ ನೌಕರಿ ಉಳಿಯುತ್ತಿತ್ತು. ಶಾಬಾಸ್ ಕೂಡ.

ಮಾಸ್ತರರ ಕೋಣೆಯಲ್ಲಿ ಸಾಹೇಬರು ಸಾವಕಾರರ ಜೊತೆ ಚಹಾ ಕುಡಿಯುತ್ತಿದ್ದರು. ಮೊದಲ ಪಟ್ಟಿಯನ್ನು ಪುಢಾರಿಗಳ ಕೈಯಿಂದ ಬಿಚ್ಚಿಸಬೇಕು, ರೋಗಿಗೆ ಮೊದಲು ಅವರ ಮುಖವೇ ಕಾಣಬೇಕು ಎಂದು ಸಾವಕಾರರು ಹೇಳುತ್ತಿದ್ದರು. ನಾನು ಬಾಗಿಲಲ್ಲಿ ನಿಂತು ಎಲ್ಲ ಹೇಳಿದೆ. ಗೀಟಿನದು ಹೇಳಿದೆ. ಬಾಯಿ ಮುಚ್ಚಿದ್ದನ್ನೂ ಹೇಳಿದೆ.

ಸಾವಕಾರರು ಮೊದಲು ಮಾತಾಡಿದರು. "ಸತ್ತ ಕಣ್ಣಲ್ರಿ ಸಾಹೇಬ್ರ, ಹೋಗಾಕ ಏನೈತಿ ಅದರಾಗ? ಆಗೂದ ಆತು, ಬಿಡ್ರಿ. ನಾಳಿ ದೊಡ್ಡ ಮಂದಿ ಬರಾವ್ರದಾರ."

ಸಾಹೇಬರು ಕೂಡಲೇ ಬೇಡವೆನ್ನಲಿಲ್ಲ. ಅರ್ಧ ಕಪ್ಪು ಚಹಾ ಮುಗಿಯುವಷ್ಟು ಹೊತ್ತು ಸುಮ್ಮನೆ ಕುಡಿದರು. ಇದನ್ನು ಆ ಪುಸ್ತಕದಲ್ಲಿ ಯಾರೂ ಬರೆಯುವುದಿಲ್ಲ, ಅದಕ್ಕೆ ನಾನು ಬರೆಯುತ್ತಿದ್ದೇನೆ. ಆಮೇಲೆ ಕಪ್ಪು ಕೆಳಗಿಟ್ಟು, "ನಡಿ" ಎಂದರು.

ಗೌರವ್ವನ ಪಕ್ಕದಲ್ಲಿ ಹುಲ್ಲಿನ ಮೇಲೆ ಕುಳಿತರು. ಅವರು ನೆಲದ ಮೇಲೆ ಕುಳಿತದ್ದನ್ನು ನಾನು ಅದಕ್ಕೂ ಮೊದಲು ಕಂಡಿರಲಿಲ್ಲ. "ತಂಗಿ, ಬ್ಯಾರೆ ಕಣ್ಣ ಕೊಯ್ದೇನಿ. ತಪ್ಪು ನಂದು" ಎಂದರು.

ಈರಪ್ಪ ಎದ್ದು ನಿಂತ. ಅವನಿಗೆ ಸಿಟ್ಟಿಗಿಂತ ಭಯ ಹೆಚ್ಚು. ತನ್ನ ಬೆರಳುಗಳನ್ನೇ ನೋಡಿಕೊಂಡ. "ನಮಗ ನಿಮ್ಮ ಆಪರೇಶನ್ ಬ್ಯಾಡ್ರಿ. ಇದ್ದದ್ದೂ ಹೋದೀತು. ಏಳ ಗೌರಿ, ಊರಿಗೆ ಹೋಗೂಣು" ಎಂದು ಆಕೆಯ ಹೆಗಲಿಗೆ ಕೈ ಹಾಕಿದ.

"ಕೈ ತಗಿ," ಎಂದಳು ಗೌರವ್ವ ಮಲಗಿದಲ್ಲಿಂದಲೇ. "ಮಾತಾಡಬ್ಯಾಡ ಅಂದ್ರು, ಮಾತಾಡಲಿಲ್ಲ. ಅಲ್ಲಾಡಬ್ಯಾಡ ಅಂದ್ರು, ಅಲ್ಲಾಡಲಿಲ್ಲ. ನನ್ನ ಕಣ್ಣ ಯಾವುದಂತ ಊರ ಮಂದಿಗೆಲ್ಲಾ ಗೊತ್ತೈತಿ, ನನಗೊಬ್ಬಾಕಿಗೆ ಗೊತ್ತಿಲ್ಲೇನ? ಒಳಗ ನನ್ನ ಬಾಯಿ ಮುಚ್ಚಿದಾಕಿ ಯಾರು?"

"ನಾನ ಬೇ," ಎಂದೆ.

"ಇಲ್ಲೇ ಅದಿ?"

"ಇಲ್ಲೇ ಅದೇನಿ."

"ಇನ್ನೊಂದ ಕಣ್ಣಿಗೂ ನನ್ನ ತಲಿ ನೀನ ಹಿಡೀಬೇಕು. ನಾ ಮಾತಾಡೂದ ಮಾತಾಡತೇನಿ. ಬಾಯಿ ಮ್ಯಾಲೆ ಕೈ ಇಟ್ಟಿ ಅಂದ್ರ ಬೆರಳ ಕಡದ ಒಗೀತೇನಿ. ಸಾಹೇಬ್ರ, ಇದಕ್ಕ ಹೂಂ ಅಂದ್ರ ನಾ ನಿಲ್ಲತೇನಿ. ಇಲ್ಲಂದ್ರ ಈಗ ಗಾಡಿ ಹೂಡಸ್ರಿ."

ಸಾಹೇಬರು ಹೂಂ ಅಂದರು. ಎದ್ದು ಹೋಗುವಾಗ ನನ್ನ ಕಡೆ ತಿರುಗಿ, "ನಾಳಿಂದ ರೋಗಿ ಹೇಳಿದ್ದ ಪೂರ್ತಿ ಕೇಳಿ ಗೀಟ ಹಾಕು" ಎಂದರು. ನೌಕರಿಯ ಮಾತೇ ಎತ್ತಲಿಲ್ಲ. ಅದು ಕರುಣೆಯಲ್ಲ. ಅವರ ಕೈಗೆ ಹೊಂದಿದ ಇನ್ನೊಬ್ಬ ಆಯಾ ಸಿಗುವಂತಿರಲಿಲ್ಲ.

ಮುಂದಿನದನ್ನು ಚುಟುಕಾಗಿ ಹೇಳುತ್ತೇನೆ. ಮೊದಲ ಗಾಯ ಮಾಯುವ ತನಕ ಗೌರವ್ವನನ್ನು ಬೈಲಹೊಂಗಲದಲ್ಲಿ ಇರಿಸಿಕೊಂಡು, ಆಮೇಲೆ ಎಡಗಣ್ಣು ಕೊಯ್ದರು. ಸೂಜಿ ಹಾಕಿದಾಗ "ಹಾಂ, ಇದು" ಎಂದಳು. ಯಾರೂ ಬಾಯಿ ಮುಚ್ಚಲಿಲ್ಲ. ದಪ್ಪ ಗಾಜಿನ ಚಾಳೀಸು ಹಾಕಿದ ದಿನ ಗಂಡನನ್ನೂ ನೋಡಲಿಲ್ಲ, ಡಾಕ್ಟರನ್ನೂ ನೋಡಲಿಲ್ಲ. ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, "ಅಯ್ಯ, ಇಷ್ಟ ಸಣ್ಣಾಕಿ ಅದೀಯೇನ! ಕೈ ಭಾಳ ದೊಡ್ಡದಿತ್ತಲ್ಲ" ಎಂದಳು.

ಈಗ ಎಲ್ಲ ಬದಲಾಗಿದೆ. ಹೊಲಿಗೆ ಇಲ್ಲ, ಮರಳಿನ ಚೀಲ ಇಲ್ಲ. ಕಣ್ಣಿನೊಳಗೇ ಲೆನ್ಸ್ ಇಡುತ್ತೀರಿ, ಬೆಳಿಗ್ಗೆ ಬಂದವರು ಸಂಜೆಗೆ ಮನೆಗೆ ಹೋಗಿ ಟಿವಿ ನೋಡುತ್ತಾರೆ. ಶಾಂತವ್ವನ ಸೊಸೆ ಯಾವಾಗ ಬೇಕಾದರೂ ಮೆಣಸಿನಕಾಯಿ ಹುರಿಯಬಹುದು. ಹೋದ ತಿಂಗಳು ನನ್ನ ಕಣ್ಣನ್ನೇ ತೋರಿಸಲು ಬಂದಿದ್ದೆ. ನಿಮ್ಮಲ್ಲೊಬ್ಬಳು ಕೈಯಲ್ಲಿ ಕಾಗದ ಹಿಡಿದಿದ್ದಳು. ಅದರಲ್ಲಿ ರೋಗಿಯ ಹೆಸರು ಕೇಳಿ, ಕಣ್ಣು ಯಾವುದೆಂದು ಕೇಳಿ ಗುರುತು ಹಾಕಬೇಕೆಂದು ಅಚ್ಚು ಹಾಕಿಸಿದ್ದಾರೆ. ಅವಳು ಫೋನಿನಲ್ಲಿ ಮಾತಾಡುತ್ತಲೇ ಕಾಗದದ ಎಲ್ಲ ಚೌಕಗಳಿಗೂ ಗುರುತು ಹಾಕಿದಳು. ನನ್ನನ್ನು ಒಂದು ಮಾತೂ ಕೇಳಲಿಲ್ಲ. ಗುರುತುಗಳು ಮಾತ್ರ ಈರಪ್ಪನ ಗೀಟಿಗಿಂತ ನೆಟ್ಟಗಿದ್ದವು.

ಸವದತ್ತಿಯಲ್ಲಿ ಗೌರವ್ವ ಆ ಮಾತು ಹೇಳಿದ ಮರುದಿನ ಬೆಳಿಗ್ಗೆ ನಾನು ಬೇಗ ಎದ್ದು ನೀರು ಕಾಯಿಸಿದೆ. ಸಾಲಿನಲ್ಲಿ ಮೊದಲು ಕುಳಿತವರು ರಾಮದುರ್ಗದ ನೇಕಾರ ತಿಪ್ಪಣ್ಣನವರು, ವಯಸ್ಸಾದವರು. ಅವರ ಮುಖ ತೊಳೆಸಿದೆ. ಬಾಟಲಿ ಬದಿಗಿಟ್ಟು ಅವರ ಮುಂದೆ ನೆಲದ ಮೇಲೆ ಕುಳಿತೆ.

"ಯಾವ ಕಣ್ಣ ಕೊಯ್ಯೂದ್ರಿ ಅಜ್ಜಾರ? ನೀವ ಬೆರಳ ಇಟ್ಟ ಹೇಳ್ರಿ."

ಅಲ್ಲಿಯವರೆಗೆ ಅವರನ್ನು ಯಾರೂ ಏನೂ ಕೇಳಿರಲಿಲ್ಲವೆಂದು ಕಾಣುತ್ತದೆ. ಅಜ್ಜ ಗಂಟಲು ಸರಿಮಾಡಿಕೊಂಡರು. ಮೊದಲು ತಮ್ಮ ಅಪ್ಪನ ಕಣ್ಣಿನಿಂದ ಶುರುಮಾಡಿದರು. ಆಮೇಲೆ ಮಗ್ಗದ ಗುಂಡಿ, ಅದರೊಳಗಿನ ಕತ್ತಲೆ, ಎಳೆ ಹರಿದಾಗ ಯಾವ ಕಣ್ಣಿನಿಂದ ಹುಡುಕುತ್ತಿದ್ದರು, ಯಾವ ಬಣ್ಣ ಮೊದಲು ಮಸುಕಾಯಿತು, ಮಗಳ ಮದುವೆಯ ಸೀರೆಯಲ್ಲಿ ಅಂಚು ಹೇಗೆ ತಪ್ಪಿತು. ಬಿಸಿಲು ಪಡಸಾಲೆಯೊಳಗೆ ಬಂತು. ಹಿಂದೆ ಕುಳಿತವರು ಗೊಣಗತೊಡಗಿದರು. ಒಳಗಿನಿಂದ ಸಾಹೇಬರು ಕೂಗಿದರು:

"ಫಕೀರವ್ವ! ಯಾಕ ತಡಾ?"

"ಇನ್ನಾ ಹೇಳಾಕತ್ತಾರ್ರಿ," ಎಂದೆ. ಅಜ್ಜನ ಬೆರಳು ಇನ್ನೂ ಕಣ್ಣಿನ ಹತ್ತಿರ ಬಂದಿರಲಿಲ್ಲ.